ಒಂದೇ ಸೈನ್ಯ, ನಾಲ್ಕು ದಿಕ್ಕು: ಮೊದಲನೇ ಮಹಾಯುದ್ಧದ ಆಸ್ಟ್ರಿಯಾ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಸ್ಕೂಲಲ್ಲಿ ನಾವೆಲ್ಲ ಓದಿದ್ದು ಇಷ್ಟೇ, ಸರಾಯೇವೊದಲ್ಲಿ ಯುವರಾಜನಿಗೆ ಗುಂಡು ಬಿತ್ತು, ಆಸ್ಟ್ರಿಯಾ ಸೆರ್ಬಿಯಾ ಮೇಲೆ ಯುದ್ಧ ಸಾರಿತು, ಅಲ್ಲಿಗೆ ಆಸ್ಟ್ರಿಯಾ ಕಥೆ ಮುಗೀತು, ಮುಂದಿನ ಪ್ಯಾರಾದಿಂದ ಬರೀ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್. ಆದ್ರೆ ಆ ನಾಲ್ಕು ವರ್ಷ ಆಸ್ಟ್ರಿಯಾ ಸೈನ್ಯ ಏನು ಪಾಡು ಪಟ್ಟಿತು ಅನ್ನೋದು ನನ್ನನ್ನ ತುಂಬಾ ವರ್ಷದಿಂದ ಬಿಡದೆ ಹಿಡಿದಿರೋ ವಿಷಯ. ಫ್ರೆಂಡ್ಸು, ನೆಂಟರು, ಹಿಸ್ಟರಿ ಓದೋ ಹುಡುಗರು ಕೇಳೋ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಹಾಕಿದೀನಿ, ಉತ್ತರ ಕೆಲವು ಕಡೆ ಉದ್ದ ಆಗಿದೆ, ಯಾಕಂದ್ರೆ ವಿಷಯನೇ ಹಾಗಿದೆ.

ಆಸ್ಟ್ರಿಯಾ ಅಂದ್ರೆ ಈಗಿರೋ ಆ ಪುಟ್ಟ ದೇಶನಾ?

ಅಲ್ಲ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ, ಐದು ಕೋಟಿ ಜನ. ಈಗಿನ ಆಸ್ಟ್ರಿಯಾ, ಹಂಗೇರಿ, ಚೆಕ್, ಸ್ಲೊವಾಕಿಯಾ, ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ ಪೂರ್ತಿ, ಅದರ ಜೊತೆಗೆ ಪೋಲೆಂಡ್, ಉಕ್ರೇನ್, ರೊಮೇನಿಯಾ, ಸೆರ್ಬಿಯಾ, ಇಟಲಿಯ ಒಂದೊಂದು ತುಂಡು ಎಲ್ಲ ಅದರೊಳಗೆ. ಚಕ್ರವರ್ತಿ ಫ್ರಾನ್ಸ್ ಯೋಸೆಫ್ 1848ರಿಂದ ಸಿಂಹಾಸನದ ಮೇಲಿದ್ದ, ಯುದ್ಧ ಶುರುವಾದಾಗ ಅವನಿಗೆ ಎಂಬತ್ತಮೂರು ವರ್ಷ. ಸೈನ್ಯನೂ ಒಂದಲ್ಲ, ಮೂರು: ಎಲ್ಲರಿಗೂ ಸೇರಿದ ಕಾಮನ್ ಆರ್ಮಿ, ಆಸ್ಟ್ರಿಯಾದ ಲಾಂಡ್‌ವೇರ್, ಹಂಗೇರಿಯ ಹೊನ್ವೇಡ್. ದುಡ್ಡು ಕೊಡೋ ವಿಷಯ ಬಂದ್ರೆ ವಿಯೆನ್ನಾ ಒಂದು ಕಡೆ ಎಳೀತಿತ್ತು, ಬುಡಾಪೆಸ್ಟ್ ಇನ್ನೊಂದು ಕಡೆ. ಹೊಸ ಸೈನಿಕರ ಸಂಖ್ಯೆ ಜಾಸ್ತಿ ಮಾಡೋ ಕಾನೂನು ವರ್ಷಗಟ್ಟಲೆ ಹಂಗೇರಿ ಪಾರ್ಲಿಮೆಂಟಲ್ಲಿ ಕೂತು 1912ಕ್ಕೆ ಪಾಸಾಯ್ತು, ಅಷ್ಟೊತ್ತಿಗೆ ತಡ ಆಗಿಹೋಗಿತ್ತು.

ಒಟ್ಟು ಎಷ್ಟು ಫ್ರಂಟಲ್ಲಿ ಹೋರಾಡಿದ್ರು?

ಮುಖ್ಯವಾಗಿ ನಾಲ್ಕು. ದಕ್ಷಿಣಕ್ಕೆ ಸೆರ್ಬಿಯಾ ಮತ್ತೆ ಮಾಂಟೆನಿಗ್ರೊ, ಪೂರ್ವಕ್ಕೆ ರಷ್ಯಾ, 1915ರ ಮೇ ತಿಂಗಳಿಂದ ನೈರುತ್ಯಕ್ಕೆ ಇಟಲಿ, 1916ರ ಆಗಸ್ಟಿಂದ ರೊಮೇನಿಯಾ. ಇದರ ಮಧ್ಯೆ ಅಲ್ಬೇನಿಯಾದಲ್ಲಿ ಮಲೇರಿಯಾ ಜೊತೆ ಗುದ್ದಾಟ, ಮಿತ್ರ ಟರ್ಕಿಗೆ ಸಹಾಯ ಅಂತ ಗಲ್ಲಿಪೊಲಿಗೆ ಫಿರಂಗಿ, ಪ್ಯಾಲೆಸ್ಟೈನ್‌ಗೂ ಫಿರಂಗಿ, 1918ರಲ್ಲಿ ಫ್ರಾನ್ಸ್ ಕಡೆಗೂ ಕೆಲವು ಡಿವಿಷನ್ (ಸಾವಿರಗಟ್ಟಲೆ ಸೈನಿಕರ ದೊಡ್ಡ ತುಕಡಿ). ಒಟ್ಟು ಹತ್ತತ್ರ 78 ಲಕ್ಷ ಜನ ಯೂನಿಫಾರಂ ಹಾಕಿದ್ರು, ಅದರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ವಾಪಸ್ ಬರಲೇ ಇಲ್ಲ.

ಎರಡು ಕಡೆ ಯುದ್ಧ ಬರತ್ತೆ ಅಂತ ಮೊದಲೇ ಗೊತ್ತಿರ್ಲಿಲ್ವಾ? ಪ್ಲಾನ್ ಇರ್ಲಿಲ್ವಾ?

ಪ್ಲಾನ್ ಇತ್ತು, ಪೇಪರ್ ಮೇಲೆ ನೋಡಿದ್ರೆ ಬಹಳ ಜಾಣತನದ ಪ್ಲಾನ್. ಸೈನ್ಯದ ಮುಖ್ಯಸ್ಥ ಕಾನ್ರಾಡ್ ಫಾನ್ ಹ್ಯೋಟ್ಸೆನ್‌ಡಾರ್ಫ್ ಇಡೀ ಸೈನ್ಯವನ್ನ ಮೂರು ಪಾಲು ಮಾಡಿದ್ದ. ದೊಡ್ಡ ಪಾಲು ರಷ್ಯಾ ಎದುರಿಗೆ ಗಲೀಷಿಯಾಕ್ಕೆ (ಸಾಮ್ರಾಜ್ಯದ ಈಶಾನ್ಯದ ಪ್ರಾಂತ್ಯ, ಈಗ ಪೋಲೆಂಡ್ ಮತ್ತೆ ಉಕ್ರೇನಲ್ಲಿದೆ), ಅದಕ್ಕೆ ಎ ಗುಂಪು ಅನ್ನೋಣ. ಚಿಕ್ಕ ಪಾಲು ಸೆರ್ಬಿಯಾ ಗಡಿ ಕಾಯೋಕೆ. ಉಳಿದಿದ್ದು ಬಿ ಗುಂಪು, ಸುಮಾರು ಹನ್ನೆರಡು ಡಿವಿಷನ್, ಇದು ಪರಿಸ್ಥಿತಿ ನೋಡ್ಕೊಂಡು ಹೋಗೋದು. ಬರೀ ಸೆರ್ಬಿಯಾ ಜೊತೆ ಯುದ್ಧ ಆದ್ರೆ ದಕ್ಷಿಣಕ್ಕೆ, ರಷ್ಯಾನೂ ಬಂದ್ರೆ ಉತ್ತರಕ್ಕೆ.

ಇಡೀ ಕಥೆಯಲ್ಲಿ ನನ್ನ ಮಟ್ಟಿಗೆ ಎಲ್ಲಾ ನಿಂತಿರೋದು ಈ ಬಿ ಗುಂಪಿನ ಮೇಲೆ. ಕಾಗದದ ಮೇಲೆ ಅದು ಎರಡೂ ಕಡೆ ಇತ್ತು. ಸೆರ್ಬಿಯಾ ಕಡೆಯ ಜನರಲ್‌ಗೆ ಅದು ನನ್ನದು ಅನ್ನಿಸ್ತಿತ್ತು, ಗಲೀಷಿಯಾ ಕಡೆಯವರಿಗೆ ಅದು ನಮ್ಮದು ಅನ್ನಿಸ್ತಿತ್ತು, ಲೆಕ್ಕ ಹಾಕುವಾಗ ಇಬ್ರೂ ಅದನ್ನ ಸೇರಿಸ್ಕೊಂಡೇ ಲೆಕ್ಕ ಹಾಕಿದ್ರು. ಒಂದೇ ಹೊಲಾನ ಇಬ್ಬರಿಗೆ ಬರ್ಕೊಟ್ಟ ಹಾಗೆ.

ಆ ರೈಲಿನ ಕಥೆ ಏನು? ಎಲ್ಲರೂ ಹೇಳ್ತಾರಲ್ಲ.

1914ರ ಜುಲೈ 28ಕ್ಕೆ ಸೆರ್ಬಿಯಾ ಮೇಲೆ ಯುದ್ಧ ಸಾರಿದ್ರು. ರಷ್ಯಾ ಸುಮ್ನಿರಬಹುದು ಅನ್ನೋ ಆಸೆ ಮೇಲೆ ಕಾನ್ರಾಡ್ ಬಿ ಗುಂಪನ್ನ, ಅಂದ್ರೆ ಎರಡನೇ ಸೈನ್ಯವನ್ನ, ದಕ್ಷಿಣಕ್ಕೆ ರೈಲು ಹತ್ತಿಸಿದ. ಎರಡೇ ದಿನಕ್ಕೆ ರಷ್ಯಾ ಪೂರ್ತಿ ಸೈನ್ಯ ಸಜ್ಜು ಮಾಡೋಕೆ ಆರ್ಡರ್ ಕೊಡ್ತು, ಈ ಕಡೆ ಮಿತ್ರ ಜರ್ಮನಿಯ ರಾಜಧಾನಿ ಬರ್ಲಿನ್‌ನಿಂದ ಟೆಲಿಗ್ರಾಂ ಮೇಲೆ ಟೆಲಿಗ್ರಾಂ, ಸೆರ್ಬಿಯಾ ಬಿಡಿ, ರಷ್ಯಾ ನೋಡಿ ಅಂತ. ಜುಲೈ 31ಕ್ಕೆ ಕಾನ್ರಾಡ್ ರೈಲ್ವೆ ವಿಭಾಗದ ಮುಖ್ಯಸ್ಥ ಯೋಹಾನ್ ಸ್ಟ್ರಾಬ್‌ನ ಕರೆದು ರೈಲುಗಳನ್ನ ತಿರುಗಿಸೋಕೆ ಆಗತ್ತಾ ಅಂತ ಕೇಳಿದ.

ಸ್ಟ್ರಾಬ್ ಆಗಲ್ಲ ಅಂದ. ರೈಲುಗಳು ಹೊರಟಾಗಿದೆ, ಟೈಮ್‌ಟೇಬಲ್ ಎಲ್ಲ ಒಂದಕ್ಕೊಂದು ಕೊಂಡಿ ಹಾಕಿದ ಹಾಗಿದೆ, ಮಧ್ಯದಲ್ಲಿ ತಿರುಗಿಸಿದ್ರೆ ಗಲೀಷಿಯಾಕ್ಕೆ ಹೋಗೋ ಎ ಗುಂಪಿನ ರೈಲುಗಳೂ ಸಿಕ್ಕಾಕೊಂಡು ಎಲ್ಲ ಗೋಜಲಾಗತ್ತೆ ಅಂತ. ಕೊನೆಗೆ ಏನು ತೀರ್ಮಾನ ಮಾಡಿದ್ರು ಅಂದ್ರೆ, ಆ ಸೈನಿಕರು ಮೊದಲು ಡ್ಯಾನ್ಯೂಬ್ ಮತ್ತೆ ಸಾವಾ ನದಿ ದಡಕ್ಕೆ ಹೋಗಿ ಇಳೀಲಿ, ಆಮೇಲೆ ಅಲ್ಲಿಂದ ಮತ್ತೆ ರೈಲು ಹತ್ತಿ ಉತ್ತರಕ್ಕೆ ಹೋಗಲಿ. ಹಾಗೇ ಮಾಡಿದ್ರು. ಆಗಸ್ಟ್ 18ರ ಹೊತ್ತಿಗೆ ವಾಪಸ್ ಹೊರಡೋಕೆ ಶುರು, ಒಂದಿಷ್ಟು ಜನ ಶಾಬಾಟ್ಸ್ ಊರಿನ ಹತ್ರ ಸೆರ್ಬಿಯನ್ನರ ಜೊತೆ ಕಾದಾಟದಲ್ಲಿ ಸಿಕ್ಕಾಕೊಂಡು ಅವರು ಇನ್ನೂ ಲೇಟು. ಅವರು ಗಲೀಷಿಯಾ ಮುಟ್ಟೋ ಹೊತ್ತಿಗೆ ಅಲ್ಲಿ ಆಟ ಕೈತಪ್ಪಿತ್ತು.

ಆ ಸೈನಿಕನ ಜಾಗದಲ್ಲಿ ನಿಂತು ಒಂದು ಸಲ ಯೋಚನೆ ಮಾಡಿ. ಬೊಹೀಮಿಯಾದ, ಅಂದ್ರೆ ಈಗಿನ ಚೆಕ್ ದೇಶದ ಕಡೆಯ ರೈತ, ಕೊಯ್ಲಿನ ಟೈಮಲ್ಲಿ ಕರೆ ಬಂದಿದೆ, ಗೂಡ್ಸ್ ಬೋಗಿಯಲ್ಲಿ ಕೂರಿಸಿ ದಿನಗಟ್ಟಲೆ ದಕ್ಷಿಣಕ್ಕೆ ಕರ್ಕೊಂಡು ಹೋದ್ರು, ರೈಲಿನ ಸ್ಪೀಡ್ ಸೈಕಲ್ಲಿಗಿಂತ ಅಷ್ಟೇನೂ ಜಾಸ್ತಿ ಇಲ್ಲ, ನದಿ ದಡದಲ್ಲಿ ಇಳಿದು ಆಚೆ ದಡದ ಸೆರ್ಬಿಯಾ ನೋಡ್ಕೊಂಡು ಕೂತ, ಆಮೇಲೆ ಮತ್ತೆ ಬೋಗಿ, ಮತ್ತೆ ದಿನಗಟ್ಟಲೆ ಉತ್ತರಕ್ಕೆ, ಅಲ್ಲಿ ಇಳಿದ ತಕ್ಷಣ ಬಿಸಿಲಲ್ಲಿ ನಡಿಗೆ, ಎದುರಿಗೆ ರಷ್ಯನ್ ಫಿರಂಗಿ. ಅವನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಅಷ್ಟು ದೊಡ್ಡ ಸಾಮ್ರಾಜ್ಯ ಪುಟ್ಟ ಸೆರ್ಬಿಯಾ ಎದುರು ಸೋತಿದ್ದು ಹೇಗೆ?

ಸೆರ್ಬಿಯಾದವರು ಪುಟ್ಟವರಿರಬಹುದು ಆದ್ರೆ ಎರಡು ಬಾಲ್ಕನ್ ಯುದ್ಧ, 1912 ಮತ್ತೆ 1913ರಲ್ಲಿ, ಮಾಡಿ ಪಳಗಿದ್ದವರು, ತಮ್ಮ ಗುಡ್ಡ, ತಮ್ಮ ಹೊಲ. ಅವರ ಸೇನಾಪತಿ ರಾಡೊಮಿರ್ ಪುಟ್ನಿಕ್ ಯುದ್ಧ ಶುರುವಾಗೋ ಹೊತ್ತಲ್ಲಿ ಚಿಕಿತ್ಸೆಗೆ ಅಂತ ಆಸ್ಟ್ರಿಯಾದ ಒಂದು ಬಿಸಿನೀರಿನ ಊರಲ್ಲೇ ಇದ್ದ, ಹಿಡಿದ್ರು, ಆಮೇಲೆ ಫ್ರಾನ್ಸ್ ಯೋಸೆಫ್ ಮರ್ಯಾದೆಯಿಂದ ಅವನನ್ನ ಊರಿಗೆ ಕಳಿಸಿಕೊಟ್ಟ. ಆ ಪುಟ್ನಿಕ್ಕೇ ಬಂದು ಆಗಸ್ಟ್ ಮಧ್ಯದಲ್ಲಿ ತ್ಸೇರ್ ಬೆಟ್ಟದ ಹತ್ರ ಆಸ್ಟ್ರಿಯನ್ನರನ್ನ ಹೊಡೆದಟ್ಟಿದ.

ಆಸ್ಟ್ರಿಯಾ ಕಡೆ ಕಮಾಂಡರ್ ಓಸ್ಕರ್ ಪೊಟಿಯೊರೆಕ್. ಸರಾಯೇವೊದಲ್ಲಿ ಯುವರಾಜ ಸತ್ತ ದಿನ ಅದೇ ಕಾರಲ್ಲಿ ಎದುರಿಗೆ ಕೂತಿದ್ದವನು ಇವನೇ, ಬೋಸ್ನಿಯಾ ಗವರ್ನರ್. ಆ ಅವಮಾನ ತೊಳ್ಕೋಬೇಕು ಅನ್ನೋ ಹಠ ಅವನಿಗಿತ್ತು ಅಂತ ನನಗನ್ನಿಸತ್ತೆ. ನವೆಂಬರಲ್ಲಿ ಮಳೆ, ಕೆಸರು, ಬೆಟ್ಟ ಯಾವುದೂ ಲೆಕ್ಕಿಸದೆ ಮುಂದೆ ನುಗ್ಗಿಸಿದ, ಡಿಸೆಂಬರ್ 2ಕ್ಕೆ ಬೆಲ್‌ಗ್ರೇಡ್ ಕೈಗೆ ಬಂತು, ಚಕ್ರವರ್ತಿ ಪಟ್ಟಕ್ಕೆ ಬಂದು ಸರಿಯಾಗಿ ಅರವತ್ತಾರು ವರ್ಷ ತುಂಬಿದ ದಿನ. ಎರಡು ವಾರ ಕೂಡ ಉಳಿಲಿಲ್ಲ. ಬಟ್ಟೆ ಇಲ್ಲ, ಬೂಟು ಇಲ್ಲ, ಗುಂಡು ಇಲ್ಲ, ಸಪ್ಲೈ ಗಾಡಿಗಳು ಕೆಸರಲ್ಲಿ ಹೂತು ಹೋಗಿದ್ವು, ಕೊಲುಬಾರಾ ನದಿ ಹತ್ರ ಪುಟ್ನಿಕ್ ತಿರುಗಿಬಿದ್ದ, ಡಿಸೆಂಬರ್ 15ಕ್ಕೆ ಬೆಲ್‌ಗ್ರೇಡ್ ವಾಪಸ್ ಹೋಯ್ತು. ಆ ಐದು ತಿಂಗಳಲ್ಲಿ ಎರಡು ಲಕ್ಷಕ್ಕೂ ಮೇಲೆ ಜನ ಸತ್ತೋ, ಗಾಯ ಆಗಿಯೋ, ಸೆರೆ ಸಿಕ್ಕೋ ಹೋದ್ರು. ಪೊಟಿಯೊರೆಕ್‌ನ ಮನೆಗೆ ಕಳಿಸಿದ್ರು.

ಅದೇ ಟೈಮಲ್ಲಿ ರಷ್ಯಾ ಕಡೆ ಏನಾಗ್ತಿತ್ತು?

ಶುರುವಲ್ಲಿ ಗೆದ್ರು. ಕ್ರಾಸ್ನಿಕ್, ಕೊಮಾರೊವ್ ಎರಡೂ ಕಡೆ ಉತ್ತರದಲ್ಲಿ ಒಳ್ಳೆ ಹೊಡೆತ ಕೊಟ್ರು. ಆದ್ರೆ ಪೂರ್ವದ ಕಡೆಯಿಂದ ರಷ್ಯನ್ನರು ಇವರು ಅಂದ್ಕೊಂಡಿದ್ದಕ್ಕಿಂತ ಬೇಗ, ಜಾಸ್ತಿ ಸಂಖ್ಯೆಯಲ್ಲಿ ಬಂದ್ರು, ಅಲ್ಲಿ ನಿಲ್ಲಬೇಕಾಗಿದ್ದ ಎರಡನೇ ಸೈನ್ಯ ಆಗಿನ್ನೂ ರೈಲಲ್ಲೇ ಇತ್ತು. ಸೆಪ್ಟೆಂಬರ್ 3ಕ್ಕೆ ಲೆಂಬರ್ಗ್, ಅಂದ್ರೆ ಈಗಿನ ಲ್ವಿವ್, ಕೈಬಿಡ್ತು. ರಾವಾ ರುಸ್ಕಾ ಹತ್ರ ಸೋತ ಮೇಲೆ ಸಾನ್ ನದಿ ದಾಟಿ ಕಾರ್ಪಾತಿಯನ್ ಬೆಟ್ಟದವರೆಗೂ ಹಿಂದಕ್ಕೆ. ಕಾನ್ರಾಡ್‌ನ ಸ್ವಂತ ಮಗ ಹೆರ್ಬರ್ಟ್ ಕೂಡ ಅದೇ ಸೆಪ್ಟೆಂಬರಲ್ಲಿ ಆ ಕಡೆಯೇ ಸತ್ತ. ಮೂರು ವಾರದಲ್ಲಿ ಸುಮಾರು ನಾಲ್ಕು ಲಕ್ಷ ಜನ ಕಮ್ಮಿ ಆದ್ರು, ಅದರಲ್ಲೂ ಶಾಂತಿಕಾಲದಲ್ಲಿ ಟ್ರೈನಿಂಗ್ ಆಗಿದ್ದ ಆಫೀಸರ್‌ಗಳು. ಅವರ ಜಾಗ ತುಂಬೋಕೆ ಆಗ್ಲೇ ಇಲ್ಲ, ಯಾಕೆ ಅಂತ ಕೆಳಗೆ ಭಾಷೆ ಪ್ರಶ್ನೆಯಲ್ಲಿ ಹೇಳ್ತೀನಿ.

ಪ್ಶೆಮಿಶ್ಲ್ ಕೋಟೆ ಬಗ್ಗೆ ಇಷ್ಟೊಂದು ಮಾತಾಡ್ತಾರಲ್ಲ, ಅದರಲ್ಲಿ ಏನಿತ್ತು?

ಸಾನ್ ನದಿ ಮೇಲಿನ ಕೋಟೆ ಊರು, ಸುತ್ತ ಉಂಗುರದ ಹಾಗೆ ಚಿಕ್ಕ ಚಿಕ್ಕ ಕೋಟೆಗಳು, ಈಗ ಪೋಲೆಂಡಲ್ಲಿದೆ. ಸೈನ್ಯ ಹಿಂದಕ್ಕೆ ಹೋದಾಗ ಇದು ಒಂದೇ ದ್ವೀಪದ ಹಾಗೆ ಉಳ್ಕೊಂಡ್ತು. ಅಕ್ಟೋಬರಲ್ಲಿ ಒಂದು ಸಲ ಮುತ್ತಿಗೆ ಬಿಡಿಸಿದ್ರು, ನವೆಂಬರಲ್ಲಿ ಮತ್ತೆ ಮುತ್ತಿಗೆ ಬಿತ್ತು. ಒಳಗೆ ಊಟ ಮುಗೀತಾ ಬಂತು, ಸಾವಿರಗಟ್ಟಲೆ ಕುದುರೆ ಕೊಂದು ತಿಂದ್ರು, ಆಮೇಲೆ ಗಾಡಿ ಎಳೆಯೋಕೆ ಕುದುರೆ ಇಲ್ಲ, ಹೊರಗೆ ನುಗ್ಗೋಕೆ ಕುದುರೆ ಬೇಕಲ್ಲ. ವಿಮಾನದಲ್ಲಿ ಪುಟ್ಟ ಪುಟ್ಟ ಕಾಗದದ ಪೋಸ್ಟ್ ಕಾರ್ಡ್ ಹೊರಗೆ ಹೋಗ್ತಿತ್ತು, ಸೈನಿಕರು ಮನೆಗೆ ನಾಲ್ಕು ಸಾಲು ಬರೆದದ್ದು. 1915ರ ಮಾರ್ಚ್ 22ಕ್ಕೆ ಸೇತುವೆ, ಕೋಟೆ, ಮದ್ದುಗುಂಡು ಎಲ್ಲ ತಾವೇ ಸ್ಫೋಟಿಸಿ ಶರಣಾದ್ರು, ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ ಜನ ಸೆರೆ.

ಆದ್ರೆ ಅದಕ್ಕಿಂತ ದೊಡ್ಡ ನೋವು ಆ ಕೋಟೆ ಬಿಡಿಸೋಕೆ ಹೋದವರದ್ದು. ಜನವರಿ 23ರಿಂದ ಕಾನ್ರಾಡ್ ಕಾರ್ಪಾತಿಯನ್ ಬೆಟ್ಟದಲ್ಲಿ ದಾಳಿ ಶುರುಮಾಡಿಸಿದ, ನಡುಚಳಿಗಾಲ, ಸೊಂಟದ ತನಕ ಹಿಮ. ಬಂದೂಕಿನ ಬೋಲ್ಟ್ ಹಿಮಗಟ್ಟಿ ಅಲ್ಲಾಡ್ತಿರ್ಲಿಲ್ಲ, ಬೆಂಕಿ ಮೇಲೆ ಹಿಡಿದು ಬಿಸಿ ಮಾಡಿದ್ಮೇಲೆನೇ ಗುಂಡು ಹೊಡೆಯೋಕೆ ಆಗೋದು. ರಾತ್ರಿ ಹೊಂಡದಲ್ಲಿ ಮಲಗಿದವರು ಬೆಳಗ್ಗೆ ಎದ್ದೇಳ್ತಿರ್ಲಿಲ್ಲ, ಒಂದೊಂದು ಸಲ ಇಡೀ ಸಾಲಿಗೆ ಸಾಲೇ. ಸತ್ತವರು, ಗಾಯಾಳುಗಳು, ಕಾಯಿಲೆ ಬಿದ್ದವರು, ಕಾಲು ಬೆರಳು ಕೊಳೆತವರು, ಸೆರೆ ಸಿಕ್ಕವರು ಎಲ್ಲ ಸೇರಿ ಎಂಟು ಲಕ್ಷದ ಹತ್ರ ಅಂತ ಇತಿಹಾಸಕಾರರ ಲೆಕ್ಕ. ಒಂದು ಲಕ್ಷದ ಇಪ್ಪತ್ತು ಸಾವಿರ ಜನರನ್ನ ಬಿಡಿಸೋಕೆ ಎಂಟು ಲಕ್ಷ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದಾಗೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗತ್ತೆ.

ಅಷ್ಟೊಂದು ಭಾಷೆ ಇಟ್ಕೊಂಡು ಸೈನ್ಯ ನಡೆಸೋದು ಹೇಗೆ ಸಾಧ್ಯ ಆಯ್ತು?

ಹತ್ತಕ್ಕೂ ಹೆಚ್ಚು ಭಾಷೆ. ನೂರು ಜನ ಸೈನಿಕರನ್ನ ನಿಲ್ಲಿಸಿದ್ರೆ ಸುಮಾರು 25 ಜನ ಜರ್ಮನ್ ಮಾತಾಡೋರು, 23 ಹಂಗೇರಿಯನ್, 13 ಚೆಕ್, ಉಳಿದವರು ಸೆರ್ಬೋ-ಕ್ರೊಯೇಷಿಯನ್, ಪೋಲಿಷ್, ಉಕ್ರೇನಿಯನ್, ರೊಮೇನಿಯನ್, ಸ್ಲೊವಾಕ್, ಸ್ಲೊವೀನ್, ಇಟಾಲಿಯನ್. ಪದ್ಧತಿ ಹೀಗಿತ್ತು: ಸಾವಧಾನ್, ವಿಶ್ರಾಮ್ ತರದ ಆರ್ಡರ್‌ಗಳು ಜರ್ಮನಲ್ಲಿ, ಒಂದು ಎಂಬತ್ತು ಪದ, ಅಷ್ಟನ್ನ ಎಲ್ಲರೂ ಕಲೀಬೇಕು. ಬಾಕಿ ಮಾತೆಲ್ಲ ರೆಜಿಮೆಂಟಿನ ಭಾಷೆಯಲ್ಲಿ. ಒಂದು ರೆಜಿಮೆಂಟಲ್ಲಿ ನೂರಕ್ಕೆ ಇಪ್ಪತ್ತು ಜನ ಒಂದು ಭಾಷೆ ಮಾತಾಡಿದ್ರೆ ಅದು ಅಲ್ಲಿನ ಅಧಿಕೃತ ಭಾಷೆ, ಆಫೀಸರ್ ಬಂದವನು ಮೂರು ವರ್ಷದಲ್ಲಿ ಅದನ್ನ ಕಲೀಲೇಬೇಕು. ಎರಡು ಮೂರು ಭಾಷೆಯ ರೆಜಿಮೆಂಟೂ ಬೇಕಾದಷ್ಟಿದ್ವು.

ನಮ್ಮೂರಲ್ಲಿ ಬೀದರಿನವನಿಗೂ ಮಂಗಳೂರಿನವನಿಗೂ ಒಬ್ಬರ ಕನ್ನಡ ಇನ್ನೊಬ್ಬರಿಗೆ ಪಕ್ಕನೆ ಹಿಡಿಸಲ್ಲ, ಇನ್ನು ಗುಂಡಿನ ಸದ್ದಿನ ಮಧ್ಯೆ ಬೇರೆ ಬೇರೆ ಭಾಷೆ ಅಂದ್ರೆ ಏನು ಅಂತ ಊಹಿಸ್ಕೊಳ್ಳಿ. ಆದ್ರೂ ಆ ಪದ್ಧತಿ ನಡೀತಿತ್ತು, ಯಾಕಂದ್ರೆ ಹಳೇ ಆಫೀಸರ್‌ಗಳು ತಮ್ಮ ಹುಡುಗರ ಜೊತೆ ಅವರ ಭಾಷೆಯಲ್ಲೇ ಮಾತಾಡ್ತಿದ್ರು, ಊರು, ದನ, ಮದುವೆ ಎಲ್ಲ ವಿಚಾರಿಸೋರು. 1914ರಲ್ಲಿ ಸತ್ತಿದ್ದು ಅವರೇ. ಅವರ ಜಾಗಕ್ಕೆ ಬಂದ ರಿಸರ್ವ್ ಆಫೀಸರ್‌ಗಳು ಓದಿದವರು, ಧೈರ್ಯವಂತರು, ಆದ್ರೆ ಭಾಷೆ ಬರ್ತಿರ್ಲಿಲ್ಲ. ಎದುರಿಗಿರೋ ಹುಡುಗ ಹೆದರಿದಾಗ ಅವನಿಗೆ ಎರಡು ಮಾತು ಹೇಳೋಕೆ ಆಗದೆ ಇರೋ ಆಫೀಸರ್ ಹತ್ರ ಏನಿದ್ದು ಏನು ಪ್ರಯೋಜನ.

ಚೆಕ್ಕರು ಕೈಕೊಟ್ರು, ಸ್ಲಾವ್ ಜನ (ಚೆಕ್, ಕ್ರೊಯೇಷಿಯನ್, ಸ್ಲೊವೀನ್ ತರದ ಭಾಷೆಯವರು) ಓಡಿಹೋದ್ರು ಅನ್ನೋದನ್ನ ಆಗಿನ ಜನರಲ್‌ಗಳೇ ಜಾಸ್ತಿ ಹಬ್ಬಿಸಿದ್ರು, ತಮ್ಮ ತಪ್ಪು ಮುಚ್ಚೋಕೆ ಅದು ಅನುಕೂಲ ಆಯ್ತು. ಶರಣಾದವರು ಇದ್ರು, ಇಲ್ಲ ಅನ್ನಲ್ಲ. ಆದ್ರೆ ಮುಂದಿನ ಪ್ರಶ್ನೆ ಓದಿ.

ಇಟಲಿ ಬಂದ್ಮೇಲೆ ಸೈನ್ಯ ಅಲ್ಲೇ ಮುರಿದುಬೀಳಬೇಕಿತ್ತಲ್ವಾ?

ಎಲ್ಲರೂ ಹಾಗೇ ಅಂದ್ಕೊಂಡಿದ್ರು. ಇಟಲಿ ಮೊದಲು ಇವರ ಮಿತ್ರನೇ ಆಗಿತ್ತು, 1915ರ ಏಪ್ರಿಲಲ್ಲಿ ಲಂಡನ್ನಲ್ಲಿ ಎದುರಾಳಿಗಳ ಜೊತೆ ಗುಟ್ಟಾಗಿ ಒಪ್ಪಂದ ಮಾಡ್ಕೊಂಡು ಮೇ 23ಕ್ಕೆ ಯುದ್ಧ ಸಾರಿತು. ಮೂರನೇ ಫ್ರಂಟು. ಅಲ್ಲಿ ನಿಲ್ಲಿಸೋಕೆ ಜನ ಇರ್ಲಿಲ್ಲ, ಹಳ್ಳಿಯ ಮುದುಕರು, ಹದಿಹರೆಯದ ಹುಡುಗರ ಸ್ಟಾಂಡ್‌ಶ್ಯೂಟ್ಸನ್ ಅನ್ನೋ ಶೂಟಿಂಗ್ ಕ್ಲಬ್‌ನವರೇ ಟಿರೋಲ್ ಬೆಟ್ಟದ ಕಣಿವೆಗಳಲ್ಲಿ ಬಂದೂಕು ಹಿಡಿದು ನಿಂತ್ರು, ಸೈನ್ಯ ಬರೋ ತನಕ.

ಇಟಲಿ ಗಡಿಯ ಇಸೊಂಜೊ ನದಿ ಕಡೆ ಕಮಾಂಡ್ ಸಿಕ್ಕಿದ್ದು ಸ್ವೆಟೊಜಾರ್ ಬೊರೊಯೆವಿಚ್‌ಗೆ, ಕ್ರೊಯೇಷಿಯಾದ ಗಡಿ ಪ್ರದೇಶದ ಸೈನಿಕ ಮನೆತನದವನು, ಧರ್ಮದಲ್ಲಿ ಆರ್ಥೊಡಾಕ್ಸ್ ಕ್ರಿಶ್ಚಿಯನ್. ಇಟಲಿ ಸೈನ್ಯ ಎರಡು ಪಟ್ಟು, ಕೆಲವು ಸಲ ಇನ್ನೂ ಜಾಸ್ತಿ ಇರ್ತಿತ್ತು. ಅವರು ಒಂದರ ಹಿಂದೆ ಒಂದು ಹನ್ನೊಂದು ಸಲ ದಾಳಿ ಮಾಡಿದ್ರು, 1915ರ ಜೂನ್‌ನಿಂದ 1917ರ ಸೆಪ್ಟೆಂಬರ್ ತನಕ. ಹನ್ನೊಂದು ಸಲನೂ ಸಾಲು ಬಗ್ಗಿತು, ಮುರೀಲಿಲ್ಲ. ನಿಂತವರಲ್ಲಿ ಕ್ರೊಯೇಷಿಯನ್ನರು, ಬೋಸ್ನಿಯನ್ನರು, ಸ್ಲೊವೀನರು, ಡಾಲ್ಮೇಷಿಯಾದವರು ತುಂಬಾ ಜನ, ಅವರಿಗೆ ಇದು ವಿಯೆನ್ನಾದ ಯುದ್ಧ ಅಲ್ಲ, ಹಿಂದುಗಡೆ ಇರೋದು ತಮ್ಮದೇ ಊರು ತಮ್ಮದೇ ಕಡಲತೀರ. ಯಾವ ಸ್ಲಾವ್ ಜನ ನಂಬಿಕೆಗೆ ಅರ್ಹರಲ್ಲ ಅಂತಿದ್ರೋ ಅದೇ ಸ್ಲಾವ್ ಜನ.

ಕಾರ್ಸ್ಟ್ ಅನ್ನೋ ಆ ಪ್ರಸ್ಥಭೂಮಿ ಇಡೀ ಸುಣ್ಣದಕಲ್ಲು. ಕಂದಕ ತೋಡೋಕೆ ಗುದ್ದಲಿ ಹಾಕಿದ್ರೆ ಕಿಡಿ ಬರತ್ತೆ ಹೊರತು ಮಣ್ಣು ಬರಲ್ಲ, ಡೈನಮೈಟ್ ಇಟ್ಟು ಒಡೀಬೇಕು. ಶೆಲ್ ಬಿದ್ರೆ ಕಬ್ಬಿಣದ ಜೊತೆ ಕಲ್ಲಿನ ಚೂರೂ ಹಾರಿ ಮುಖ, ಕಣ್ಣು ಕಿತ್ತುಹಾಕ್ತಿತ್ತು. ಮಳೆ ನೀರು ನೇರ ಬಂಡೆ ಸಂದಿಗೆ ಇಳಿದುಹೋಗತ್ತೆ, ಕುಡಿಯೋ ನೀರನ್ನ ರಾತ್ರಿ ಹೊತ್ತು ಬೆನ್ನ ಮೇಲೆ ಹೊತ್ತು ತರಬೇಕು.

ಹಿಮದೊಳಗೆ ಊರು ಕಟ್ಟಿದ್ರು ಅನ್ನೋದು ನಿಜನಾ?

ನಿಜ. ಮಾರ್ಮೊಲಾಡಾ ಡೊಲೊಮೈಟ್ಸ್ ಬೆಟ್ಟಗಳಲ್ಲೇ ಎತ್ತರದ ಶಿಖರ, ಅದರ ಹಿಮನದಿಯ ಮೇಲೆ ನಡೆದ್ರೆ ಇಟಾಲಿಯನ್ನರ ಗುಂಡು. ಲಿಯೊ ಹಾಂಡ್ಲ್ ಅನ್ನೋ ಎಂಜಿನಿಯರ್ ಒಳಗೇ ಹೋಗೋಣ ಅಂದ. ಹಿಮ ಕೊರೆದು ಕಿಲೋಮೀಟರ್‌ಗಟ್ಟಲೆ ಸುರಂಗ, ಮಲಗೋ ಕೋಣೆ, ಅಡುಗೆಮನೆ, ಗೋಡೌನು, ಪ್ರಾರ್ಥನಾ ಮಂದಿರ ಎಲ್ಲ ಮಾಡಿದ್ರು. ಹಿಮನದಿ ನಿಧಾನಕ್ಕೆ ಜರುಗ್ತಾ ಇರೋದ್ರಿಂದ ಸುರಂಗಗಳು ಸೊಟ್ಟ ಆಗೋವು, ಮತ್ತೆ ಮತ್ತೆ ಕೊರೀಬೇಕಾಗಿತ್ತು. 1916ರ ಡಿಸೆಂಬರ್ 13ಕ್ಕೆ ಅದೇ ಬೆಟ್ಟದ ಕೆಳಗಿನ ಗ್ರಾನ್ ಪೊಜ್ ಕ್ಯಾಂಪಿನ ಮೇಲೆ ಹಿಮಪಾತ ಬಿತ್ತು, ಬೆಳಗಿನ ಜಾವ, ಹೆಚ್ಚಿನವರು ಮಲಗಿದ್ದಲ್ಲೇ, ಸುಮಾರು 270 ಜನ. ಇವರ ಸಾವಿಗೆ ಎದುರಿನವರ ಒಂದು ಗುಂಡೂ ಖರ್ಚಾಗಲಿಲ್ಲ.

1916ರಲ್ಲಿ ಎಲ್ಲ ಕೆಟ್ಟುಹೋಯ್ತು ಅಂತಾರೆ. ಯಾಕೆ?

ಕಂಬಳಿ ಗಿಡ್ಡ ಇದ್ರೆ ತಲೆ ಮುಚ್ಚಿದಾಗ ಕಾಲು ಬಯಲು, ಕಾಲು ಮುಚ್ಚಿದಾಗ ತಲೆ ಬಯಲು. 1916 ಪೂರ್ತಿ ಹಾಗೇ.

ಕಾನ್ರಾಡ್‌ಗೆ ಇಟಲಿ ಮೇಲೆ ಮೊದಲಿಂದ ಸಿಟ್ಟು. ಟ್ರೆಂಟಿನೊ ಬೆಟ್ಟದಿಂದ ಕೆಳಗೆ ಬಯಲಿಗೆ ನುಗ್ಗಿದ್ರೆ ಇಸೊಂಜೊದಲ್ಲಿರೋ ಇಡೀ ಇಟಲಿ ಸೈನ್ಯದ ಬೆನ್ನಿಗೆ ಹೋಗಬಹುದು ಅನ್ನೋದು ಅವನ ಕನಸು. ಜರ್ಮನಿಯ ಸೇನಾ ಮುಖ್ಯಸ್ಥ ಫಾಲ್ಕೆನ್‌ಹೈನ್ ಹತ್ರ ಡಿವಿಷನ್ ಕೇಳಿದ, ಅವನು ಫ್ರಾನ್ಸಿನ ವರ್ಡನ್ ಮೇಲೆ ದಾಳಿ ಮಾಡೋ ತಯಾರಿಯಲ್ಲಿದ್ದ, ಕೊಡಲ್ಲ ಅಂದ, ಇಬ್ಬರಿಗೂ ಮಾತುಕತೆನೇ ಸರಿ ಇರ್ಲಿಲ್ಲ. ಸರಿ ಅಂತ ಕಾನ್ರಾಡ್ ರಷ್ಯಾ ಫ್ರಂಟಿನಿಂದ ಒಳ್ಳೊಳ್ಳೆ ಡಿವಿಷನ್‌ಗಳನ್ನೂ ದೊಡ್ಡ ಫಿರಂಗಿಗಳನ್ನೂ ಕಿತ್ತು ಟ್ರೆಂಟಿನೊಗೆ ತಂದ. ಮೇ 15ಕ್ಕೆ ದಾಳಿ, ಮೊದಲ ವಾರಗಳು ಚೆನ್ನಾಗಿ ಹೋಯ್ತು, ಅಸಿಯಾಗೊ ಸಿಕ್ತು, ಬಯಲು ಕಣ್ಣಿಗೆ ಕಾಣಿಸ್ತಿತ್ತು.

ಜೂನ್ 4ಕ್ಕೆ ಪೂರ್ವದಲ್ಲಿ ರಷ್ಯಾದ ಜನರಲ್ ಬ್ರುಸಿಲೊವ್ ಹೊಡೆದ. ಒಂದೇ ಕಡೆ ಗುದ್ದದೆ ನೂರಾರು ಕಿಲೋಮೀಟರ್ ಉದ್ದಕ್ಕೂ ನಾಲ್ಕು ಸೈನ್ಯಗಳಿಂದ ಒಟ್ಟಿಗೆ ದಾಳಿ, ಯಾವ ಕಡೆ ರಿಸರ್ವ್ ಕಳಿಸಬೇಕು ಅಂತ ಆಸ್ಟ್ರಿಯನ್ನರಿಗೆ ಗೊತ್ತೇ ಆಗ್ಲಿಲ್ಲ. ಮೂರೇ ದಿನಕ್ಕೆ ಲುಟ್ಸ್ಕ್ ಹೋಯ್ತು. ಲಕ್ಷಗಟ್ಟಲೆ ಜನ ನಷ್ಟ, ಅದರಲ್ಲಿ ಸೆರೆ ಸಿಕ್ಕವರೇ ಬಹಳ. ಕಾನ್ರಾಡ್ ಟ್ರೆಂಟಿನೊ ದಾಳಿ ನಿಲ್ಲಿಸಿ ಡಿವಿಷನ್‌ಗಳನ್ನ ಮತ್ತೆ ರೈಲು ಹತ್ತಿಸಿ ಪೂರ್ವಕ್ಕೆ ಕಳಿಸಿದ. ಟ್ರೆಂಟಿನೊಗೆ ಅಂತ ಮೊದಲೇ ತೆಳ್ಳಗೆ ಮಾಡಿದ್ದ ಇಸೊಂಜೊ ಸಾಲಿನ ಮೇಲೆ ಇಟಾಲಿಯನ್ನರು ಆಗಸ್ಟಲ್ಲಿ ಬಿದ್ರು, ಗೊರಿಟ್ಸಿಯಾ ಊರು ಹೋಯ್ತು. ಇದನ್ನೆಲ್ಲ ನೋಡ್ತಿದ್ದ ರೊಮೇನಿಯಾ ಆಗಸ್ಟ್ 27ಕ್ಕೆ ತಾನೂ ಯುದ್ಧ ಸಾರಿತು. 1914ರಲ್ಲಿ ಆದ ತಪ್ಪೇ ಮತ್ತೊಂದು ಸಲ, ಇನ್ನೂ ದೊಡ್ಡದಾಗಿ.

ಜರ್ಮನಿ ಸಹಾಯ ಇಲ್ದೆ ಒಂದಾದ್ರೂ ಗೆದ್ರಾ?

ತಡೆದು ನಿಲ್ಲಿಸಿದ್ದು ಸ್ವಂತ ಬಲದಿಂದ, ಇಸೊಂಜೊ ಅದಕ್ಕೆ ಸಾಕ್ಷಿ. 1914ರ ಡಿಸೆಂಬರಲ್ಲಿ ಲಿಮನೋವಾ ಹತ್ರ ರಷ್ಯನ್ನರನ್ನ ತಡೆದಿದ್ದೂ ಹೆಚ್ಚುಕಮ್ಮಿ ಅವರೇ. ಆದ್ರೆ ದೊಡ್ಡ ಗೆಲುವುಗಳಲ್ಲೆಲ್ಲ ಜರ್ಮನ್ ಕೈ ಇದೆ: 1915ರ ಮೇ 2ರ ಗೊರ್ಲಿತ್ಸೆ-ಟಾರ್ನೊವ್, ಅದರಿಂದ ಪ್ಶೆಮಿಶ್ಲ್, ಲೆಂಬರ್ಗ್ ಎರಡೂ ವಾಪಸ್ ಬಂದ್ವು, ಅದೇ ವರ್ಷ ಬಲ್ಗೇರಿಯಾನೂ ಸೇರ್ಕೊಂಡು ಸೆರ್ಬಿಯಾ ಹಿಡಿದಿದ್ದು, 1916ರ ಡಿಸೆಂಬರ್ 6ಕ್ಕೆ ಬುಕಾರೆಸ್ಟ್, 1917ರ ಅಕ್ಟೋಬರ್ 24ರ ಕಾಪೊರೆಟ್ಟೊ, ಅಲ್ಲಿ ಮಂಜು ಮತ್ತೆ ವಿಷಾನಿಲದ ನಡುವೆ ಇಟಲಿ ಸಾಲು ಒಡೆದು ಎರಡೂವರೆ ಲಕ್ಷಕ್ಕೂ ಮೇಲೆ ಇಟಾಲಿಯನ್ನರು ಸೆರೆಯಾದ್ರು. ಇದಕ್ಕೆ ಬೆಲೆನೂ ಕೊಡಬೇಕಾಯ್ತು, ಬ್ರುಸಿಲೊವ್ ಹೊಡೆತದ ಮೇಲೆ ಪೂರ್ವದ ಕಮಾಂಡ್ ಹೆಚ್ಚುಕಮ್ಮಿ ಪೂರ್ತಿ ಜರ್ಮನ್ನರ ಕೈಗೆ ಹೋಯ್ತು.

ಒಂದು ಮಾತು ಸೇರಿಸ್ಲೇಬೇಕು. ಸಹಾಯ ಒಂದೇ ಕಡೆಯಿಂದ ಇರ್ಲಿಲ್ಲ. 1914ರಲ್ಲಿ ಬೆಲ್ಜಿಯಂ ಕೋಟೆ ಒಡೆಯೋಕೆ ಜರ್ಮನಿ ಬಳಸಿದ್ದರಲ್ಲಿ ಆಸ್ಟ್ರಿಯಾದ ಸ್ಕೋಡಾ ಕಂಪನಿಯ 30.5 ಸೆಂಟಿಮೀಟರ್ ಮೋರ್ಟರ್‌ಗಳೂ ಇದ್ವು.

ಹಿಂದೆ ಯಾವತ್ತೂ ಇಂಥ ಅನುಭವ ಆಗಿರ್ಲಿಲ್ವಾ ಅವರಿಗೆ?

ಆಗಿತ್ತು, 1866ರಲ್ಲಿ. ಉತ್ತರಕ್ಕೆ ಪ್ರಷ್ಯಾ (ಆಗಿನ ದೊಡ್ಡ ಜರ್ಮನ್ ರಾಜ್ಯ), ದಕ್ಷಿಣಕ್ಕೆ ಇಟಲಿ, ಎರಡೂ ಒಟ್ಟಿಗೆ. ಇಟಲಿ ವಿರುದ್ಧ ಜೂನ್ 24ಕ್ಕೆ ಕುಸ್ತೊಜಾದಲ್ಲಿ ನೆಲದ ಮೇಲೆ ಗೆದ್ರು, ಜುಲೈ 20ಕ್ಕೆ ಲಿಸ್ಸಾದಲ್ಲಿ ಕಡಲಲ್ಲೂ ಗೆದ್ರು. ಮಧ್ಯದಲ್ಲಿ ಜುಲೈ 3ಕ್ಕೆ ಕ್ಯೋನಿಗ್‌ಗ್ರೇಟ್ಸ್‌ನಲ್ಲಿ ಪ್ರಷ್ಯಾ ಎದುರು ಒಂದೇ ದಿನದಲ್ಲಿ ಇಡೀ ಯುದ್ಧ ಸೋತ್ರು. ಉತ್ತರದ ಸೇನಾಪತಿ ಬೆನೆಡೆಕ್ ಇಟಲಿಯ ನೆಲ ಅಂಗೈ ಗೆರೆ ಹಾಗೆ ಗೊತ್ತಿದ್ದವನು, ಬೊಹೀಮಿಯಾ ಗೊತ್ತಿಲ್ಲ ಅಂತ ಅವನೇ ಹೇಳಿದ್ರೂ ಕೇಳದೆ ಉತ್ತರಕ್ಕೆ ಕಳಿಸಿದ್ರು, ಗೊತ್ತಿದ್ದ ದಕ್ಷಿಣವನ್ನ ರಾಜಮನೆತನದ ಆಲ್‌ಬ್ರೆಖ್ಟ್‌ಗೆ ಕೊಟ್ರು. ಸೋತ ಮೇಲೆ ಬೆನೆಡೆಕ್ ಬಾಯಿ ಬಿಡಬಾರದು ಅಂತ ಮಾತು ತಗೊಂಡ್ರು, ಅವನು ಸಾಯೋ ತನಕ ಬಿಡಲಿಲ್ಲ.

1918ರಲ್ಲಿ ರಷ್ಯಾ ಇಲ್ಲ, ಸೆರ್ಬಿಯಾ ಇಲ್ಲ, ರೊಮೇನಿಯಾ ಇಲ್ಲ, ಒಂದೇ ಫ್ರಂಟು ಉಳಿದಿತ್ತು. ಆದ್ರೂ ಯಾಕೆ ಸೋತ್ರು?

ಹೊಟ್ಟೆ. ಅದು ಐದನೇ ಫ್ರಂಟು ಅಂತ ಬೇಕಾದ್ರೆ ಅನ್ನಿ. ಗಲೀಷಿಯಾದ ಹೊಲಗಳು ಯುದ್ಧದಲ್ಲಿ ಹಾಳಾಗಿದ್ವು, ಹಂಗೇರಿ ತನ್ನ ಗೋಧಿ ಆಸ್ಟ್ರಿಯಾಕ್ಕೆ ಬಿಗಿ ಹಿಡಿದು ಕೊಡ್ತಿತ್ತು, ಕಡಲಲ್ಲಿ ದಿಗ್ಬಂಧನ. ಜನವರಿಯಲ್ಲಿ ಹಿಟ್ಟಿನ ರೇಷನ್ ದಿನಕ್ಕೆ 200 ಗ್ರಾಮಿಂದ 165ಕ್ಕೆ ಇಳಿಸಿದ್ರು, ವೀನರ್ ನೊಯ್‌ಸ್ಟಾಟ್ ಫ್ಯಾಕ್ಟರಿಗಳಿಂದ ಶುರುವಾದ ಮುಷ್ಕರ ಲಕ್ಷಾಂತರ ಜನರಿಗೆ ಹಬ್ಬಿತು. ಫೆಬ್ರವರಿಯಲ್ಲಿ ಕಟ್ಟಾರೊ ಬಂದರಲ್ಲಿ ನಾವಿಕರ ದಂಗೆ. ರಷ್ಯಾದಿಂದ ಬಿಡುಗಡೆ ಆಗಿ ಬಂದ ಕೈದಿಗಳಿಗೆ ಸ್ವಲ್ಪ ದಿನ ರಜೆ ಕೊಟ್ಟು ಮತ್ತೆ ಫ್ರಂಟಿಗೆ ಹೋಗಿ ಅಂದ್ರು, ವರ್ಷಗಟ್ಟಲೆ ಸೈಬೀರಿಯಾ ನೋಡಿ ಬಂದವರಿಗೆ, ಎಷ್ಟೋ ಕಡೆ ಅವರೇ ಎದ್ದುನಿಂತ್ರು.

ಆದ್ರೂ ಜೂನ್ 15ಕ್ಕೆ ಕೊನೇ ದಾಳಿ ಮಾಡಿದ್ರು, ಪಿಯಾವೆ ನದಿ ಮೇಲೆ. ಇಲ್ಲೂ ಅದೇ ಹಳೇ ರೋಗ. ಬೆಟ್ಟದ ಕಡೆ ಕಾನ್ರಾಡ್, ನದಿ ಕಡೆ ಬೊರೊಯೆವಿಚ್, ಇಬ್ರೂ ಮುಖ್ಯ ದಾಳಿ ತನಗೇ ಬೇಕು ಅಂದ್ರು, ಫ್ರಾನ್ಸ್ ಯೋಸೆಫ್ ಸತ್ತ ಮೇಲೆ ಪಟ್ಟಕ್ಕೆ ಬಂದಿದ್ದ ಹೊಸ ಚಕ್ರವರ್ತಿ ಕಾರ್ಲ್ ಇಬ್ಬರಿಗೂ ಅರ್ಧರ್ಧ ಹಂಚಿದ. ಎರಡೂ ಕಡೆ ಸಾಲದೆ ಹೋಯ್ತು, ನದಿ ಉಕ್ಕಿ ಸೇತುವೆಗಳು ಕೊಚ್ಚಿ ಹೋದ್ವು, ಒಂದು ವಾರದಲ್ಲಿ ಲಕ್ಷಕ್ಕೂ ಮೇಲೆ ಜನ ನಷ್ಟ. ಒಂದೇ ಫ್ರಂಟಿದ್ದಾಗಲೂ ಅದನ್ನ ಎರಡು ಮಾಡ್ಕೊಂಡ್ರು.

ಕೊನೇ ದಿನಗಳಲ್ಲಿ ಏನಾಯ್ತು?

ಅಕ್ಟೋಬರ್ 24ಕ್ಕೆ ಇಟಲಿ ಮತ್ತು ಅದರ ಮಿತ್ರರು ವಿಟ್ಟೋರಿಯೊ ವೆನೆಟೊ ದಾಳಿ ಶುರು ಮಾಡಿದ್ರು. ಮೊದಲ ಮೂರ್ನಾಲ್ಕು ದಿನ ಆಸ್ಟ್ರಿಯನ್ ಸೈನಿಕರು ಗಟ್ಟಿಯಾಗೇ ನಿಂತಿದ್ರು, ಇದನ್ನ ಯಾರೂ ಹೇಳಲ್ಲ. ಅಷ್ಟರಲ್ಲಿ ಹಿಂದೆ ದೇಶನೇ ಕರಗ್ತಿತ್ತು, 28ಕ್ಕೆ ಪ್ರಾಗ್‌ನಲ್ಲಿ ಚೆಕೊಸ್ಲೊವಾಕಿಯಾ ಘೋಷಣೆ, ಹಂಗೇರಿ ತನ್ನ ಹುಡುಗರನ್ನ ಮನೆಗೆ ಕರೀತು. ನವೆಂಬರ್ 3ಕ್ಕೆ ಪಾಡುವಾ ಹತ್ರದ ವಿಲ್ಲಾ ಜುಸ್ಟಿಯಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು, ಜಾರಿ ಮಾತ್ರ ಮಾರನೇ ದಿನ ಮಧ್ಯಾಹ್ನ ಮೂರಕ್ಕೆ. ಆಸ್ಟ್ರಿಯಾ ಕಮಾಂಡ್ ಅವತ್ತೇ ಬಂದೂಕು ಕೆಳಗಿಡಿ ಅಂತ ಆರ್ಡರ್ ಕೊಟ್ಟುಬಿಡ್ತು. ಯುದ್ಧ ಮುಗೀತು ಅಂತ ಕೂತಿದ್ದವರನ್ನ ಇಟಾಲಿಯನ್ನರು ಬಂದು ಸೆರೆ ಹಿಡಿದ್ರು, ಮೂರು ಲಕ್ಷಕ್ಕೂ ಜಾಸ್ತಿ ಜನ. ಎಷ್ಟೋ ಜನ ಆ ಕ್ಯಾಂಪುಗಳಲ್ಲೇ ಸತ್ರು.

ನಮ್ಮ ಕರ್ನಾಟಕಕ್ಕೆ ಏನಾದ್ರೂ ಸಂಬಂಧ ಇದೆಯಾ?

ಇದೆ, ನೇರ ಸಂಬಂಧ. 1918ರ ಸೆಪ್ಟೆಂಬರ್ 23ಕ್ಕೆ ಪ್ಯಾಲೆಸ್ಟೈನ್‌ನ ಹೈಫಾ ಊರನ್ನ ಬ್ರಿಟಿಷರ ಪರ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಅನ್ನೋ ಕುದುರೆ ದಳ ಇತ್ತು, ಜೋಧ್‌ಪುರದವರ ಜೊತೆ. ಊರಿನ ಮೇಲಿನ ಕಾರ್ಮೆಲ್ ಬೆಟ್ಟದ ಇಳಿಜಾರಲ್ಲಿ ಟರ್ಕಿ ಸಹಾಯಕ್ಕೆ ಬಂದಿದ್ದ ಆಸ್ಟ್ರಿಯನ್ ಫಿರಂಗಿಗಳಿದ್ವು. ಅವನ್ನ ಸುಮ್ಮನಾಗಿಸೋಕೆ ಮೈಸೂರಿನ ಒಂದು ಸ್ಕ್ವಾಡ್ರನ್ ಕಡಿದಾದ ಕಲ್ಲುಹಾದಿಯಲ್ಲಿ ಕುದುರೆ ಹತ್ತಿಸ್ಕೊಂಡು ಹೋಯ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಕಂಬ ಇದೆ, ದಿನಾ ಬಸ್ಸಲ್ಲಿ ಓಡಾಡೋರು ಒಂದು ಸಲ ಇಳಿದು ನೋಡಿ. ವಿಯೆನ್ನಾದಿಂದ ಅಷ್ಟು ದೂರ ಕಳಿಸಿದ್ದ ಫಿರಂಗಿಯ ಎದುರು ಮೈಸೂರಿನಿಂದ ಅಷ್ಟು ದೂರ ಹೋಗಿದ್ದ ಕುದುರೆ ಸವಾರರು.

ಈಗ ಹೋದ್ರೆ ನೋಡೋಕೆ ಏನು ಸಿಗತ್ತೆ?

ವಿಯೆನ್ನಾದ ಸೇನಾ ಇತಿಹಾಸ ಮ್ಯೂಸಿಯಂನಲ್ಲಿ ಸರಾಯೇವೊ ಕಾರು ಇದೆ, ಯುವರಾಜನ ರಕ್ತದ ಕಲೆಯ ನೀಲಿ ಕೋಟೂ ಇದೆ. ಪ್ಶೆಮಿಶ್ಲ್ ಸುತ್ತ ಒಡೆದ ಕೋಟೆಗಳು ಪೊದೆ ಬೆಳೆದು ಹಾಗೇ ನಿಂತಿವೆ. ಕಾಪೊರೆಟ್ಟೊ ಈಗ ಸ್ಲೊವೇನಿಯಾದ ಕೊಬಾರಿದ್, ಅಲ್ಲಿನ ಮ್ಯೂಸಿಯಂ ಚಿಕ್ಕದು ಆದ್ರೆ ಬಹಳ ಚೆನ್ನಾಗಿದೆ. ಮಾರ್ಮೊಲಾಡಾದ ಹಿಮದ ಊರು ಉಳಿದಿಲ್ಲ, ಹಿಮನದಿ ಕರಗ್ತಾ ಕರಗ್ತಾ ಹಲಗೆ, ಮುಳ್ಳುತಂತಿ, ಬೂಟು ಹೊರಗೆ ಬರ್ತಾ ಇದೆ. 2004ರಲ್ಲಿ ಇಟಲಿಯ ಪೇಯೋ ಊರಿನ ಮೇಲೆ ಸಾನ್ ಮಾಟ್ಟೆಯೋ ಶಿಖರದ ಹತ್ರ, 3,600 ಮೀಟರ್ ಎತ್ತರದಲ್ಲಿ, ಹಿಮದೊಳಗಿಂದ ಮೂವರು ಆಸ್ಟ್ರಿಯನ್ ಸೈನಿಕರ ದೇಹ ಹೊರಗೆ ಬಂತು. 1918ರ ಸೆಪ್ಟೆಂಬರಲ್ಲಿ ಆ ಶಿಖರಕ್ಕೆ ಹೋರಾಡಿ ಸತ್ತವರು, ಯುದ್ಧ ಮುಗಿಯೋಕೆ ಎರಡು ತಿಂಗಳಷ್ಟೇ ಬಾಕಿ ಇತ್ತು.